ಹವಳದ ದಿಬ್ಬ ಉಳಿಸೋಕೆ ಯಾವ ಲೆಕ್ಕ ಬೇಕು?

ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ 1998ರಲ್ಲಿ ದಿಬ್ಬದ ಸುಮಾರು ಶೇ 37ರಷ್ಟು ಭಾಗ ಜೀವಂತ ಹವಳವಾಗಿತ್ತು. 2022ರ ಹೊತ್ತಿಗೆ ಅದು ಶೇ 20ರ ಆಸುಪಾಸಿಗೆ ಇಳಿದಿತ್ತು. ನಡುವೆ 1998, 2010, 2016ರಲ್ಲಿ ಎಲ್ ನಿನೊ ಬಂದು ಸಮುದ್ರ ಬಿಸಿಯಾಗಿ ಹವಳ ಸತ್ತಿತ್ತು.

ಈ ಅಂಕಿ ನಮ್ಮ ಕೈಲಿ ಇರೋದಕ್ಕೆ ಕಾರಣ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 24 ವರ್ಷ ಅದೇ ದ್ವೀಪಗಳಿಗೆ ಮತ್ತೆ ಮತ್ತೆ ಹೋಗಿ ನೀರಿಗಿಳಿದು ಅಳೆದಿದ್ದು. ಇಷ್ಟು ಕಾಲ ಬಿಡದೆ ಅಳೆದಿದ್ದರಿಂದಲೇ ಇನ್ನೊಂದು ವಿಷಯವೂ ತಿಳಿಯಿತು. ಬಿಸಿ ಬಡಿದಾಗ ಸಾಯುವ ಹವಳದ ಪ್ರಮಾಣ ಸಲದಿಂದ ಸಲಕ್ಕೆ ಕಡಿಮೆಯಾಗುತ್ತ ಬಂದಿದೆ. ಆದರೆ ಚೇತರಿಕೆ ತುಂಬಾ ನಿಧಾನ. ಸುಮಾರು ಆರು ವರ್ಷ ತೊಂದರೆ ಇಲ್ಲದೆ ಕಳೆದರೆ ಮಾತ್ರ ಅದು ಚುರುಕಾಗುತ್ತದೆ. ಒಂದೇ ಸಲ ಹೋಗಿ ಫೋಟೊ ತೆಗೆದುಕೊಂಡು ಬಂದವರಿಗೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಹವಳ ಅಂದರೆ ಒಂದು ಪುಟ್ಟ ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುತ್ತದೆ. ನೀರು ಜಾಸ್ತಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಂಡಿದ್ದೆಲ್ಲ ಸತ್ತಂತಲ್ಲ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಬರುತ್ತದೆ. ಹಾಗಾಗಿ ಬಿಳಿಚಿದಾಗ ಒಮ್ಮೆ ನೋಡಿದರೆ ಸಾಲದು, ಕೆಲವು ತಿಂಗಳ ನಂತರ ಅದೇ ಜಾಗಕ್ಕೆ ಹೋಗಿ ಬದುಕಿದ್ದೆಷ್ಟು, ಸತ್ತಿದ್ದೆಷ್ಟು ಅಂತ ನೋಡಲೇಬೇಕು.

ಬಿಸಿಯನ್ನು ಉಪಗ್ರಹಗಳು ಅಳೆಯುತ್ತವೆ. ಒಂದು ಜಾಗದ ಅತಿ ಬೆಚ್ಚಗಿನ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿ ನಾಲ್ಕು ವಾರ ಮುಂದುವರಿದರೆ, ಡಿಗ್ರಿಯನ್ನೂ ವಾರವನ್ನೂ ಗುಣಿಸಿದ ಲೆಕ್ಕ 4 ಆಗುತ್ತದೆ. ಅಷ್ಟಾದರೆ ಹವಳ ಬಿಳಿಚಿಕೊಳ್ಳುವ ಸಂಭವವಿದೆ. 8 ದಾಟಿದರೆ ಸಾವು ಶುರುವಾಗಬಹುದು. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ 2011ರಿಂದ ನಮ್ಮ ಹವಳ ಪ್ರದೇಶಗಳಿಗೆ ಉಪಗ್ರಹದ ಆಧಾರದ ಮೇಲೆ ಎಚ್ಚರಿಕೆ ಕೊಡುತ್ತಿದೆ. ತುಂಬಾ ಒಳ್ಳೆಯ ಕೆಲಸ. ಆದರೂ ಉಪಗ್ರಹ ಕಾಣುವುದು ನೀರಿನ ಮೇಲ್ಪದರವನ್ನು ಮಾತ್ರ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆಯಾದ ನೋವಾದ ಜಾಗತಿಕ ನಕ್ಷೆಯಲ್ಲಿ ಒಂದೊಂದು ಚೌಕವೂ 5 ಕಿ.ಮೀ. ಅಗಲ. ಕವರತ್ತಿಯ ನೆಲವೆಲ್ಲ ಸೇರಿದರೂ ಸುಮಾರು 4 ಚದರ ಕಿ.ಮೀ. ಅಷ್ಟೇ. ದಿಬ್ಬದ ಒಳಗಿನ ಲಗೂನ್ ಎಂಬ ಆಳವಿಲ್ಲದ ಕೊಳದ ನೀರು, ಹೊರಗಿನ ಇಳಿಜಾರಿನ ನೀರು, ಹತ್ತು ಮೀಟರ್ ಆಳದ ನೀರು ಒಂದೇ ರೀತಿ ಬಿಸಿಯಾಗುವುದಿಲ್ಲ. ಅದಕ್ಕೇ ದಿಬ್ಬದ ಮೇಲೇ ಪುಟ್ಟ ತಾಪಮಾಪಕಗಳನ್ನು ಕಟ್ಟಿ ಬಿಡಬೇಕಾಗುತ್ತದೆ.

ಬರೀ ಬಿಸಿಯೊಂದನ್ನೇ ಅಳೆದರೆ ನಿರ್ವಹಣೆಯ ದಾರಿ ತಪ್ಪುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಸಮುದ್ರ ವಿಜ್ಞಾನ ಸಂಸ್ಥೆಯ ಸಿಬ್ಬಂದಿ ಒಂದು ಹಲಗೆ ಹಿಡಿದು ನೀರಿನಲ್ಲಿ ಮುಖ ಮಾಡಿ ಮಲಗುತ್ತಾರೆ. ಸಣ್ಣ ದೋಣಿ ಅವರನ್ನು ದಿಬ್ಬದ ಸುತ್ತ ನಿಧಾನಕ್ಕೆ ಎಳೆದೊಯ್ಯುತ್ತದೆ. ಎರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ. ಜೀವಂತ ಹವಳ ಎಷ್ಟು, ಸತ್ತಿದ್ದೆಷ್ಟು, ಹವಳ ತಿನ್ನುವ, ಮುಳ್ಳಿನ ಕಿರೀಟದಂತಿರುವ ನಕ್ಷತ್ರಮೀನು ಎಷ್ಟು ಅಂತ ಬರೆದುಕೊಳ್ಳುತ್ತಾರೆ. ದೋಣಿ ಮತ್ತೆ ಹೊರಡುತ್ತದೆ. ಹೀಗೆ 1985ರಿಂದ 2012ರವರೆಗೆ 214 ದಿಬ್ಬಗಳಲ್ಲಿ ಮಾಡಿದ ಲೆಕ್ಕದಲ್ಲಿ ಹವಳ ಶೇ 28ರಿಂದ ಶೇ 13.8ಕ್ಕೆ ಕುಸಿದಿತ್ತು. ಆ ನಷ್ಟದಲ್ಲಿ ಚಂಡಮಾರುತದ ಪಾಲು ಶೇ 48, ನಕ್ಷತ್ರಮೀನಿನದು ಶೇ 42, ಬಿಳಿಚುವಿಕೆಯದು ಶೇ 10. ಚಂಡಮಾರುತವನ್ನು ಯಾರೂ ತಡೆಯಲಾರರು. ಆದರೆ ನಕ್ಷತ್ರಮೀನನ್ನು ಮುಳುಗುಗಾರರು ಚುಚ್ಚುಮದ್ದು ಕೊಟ್ಟು ಕೊಲ್ಲಬಹುದು, ಅದು ಹೆಚ್ಚಲು ನೆರವಾಗುತ್ತದೆ ಎನ್ನಲಾದ ಹೊಲದ ಗೊಬ್ಬರ ಸಮುದ್ರ ಸೇರುವುದನ್ನು ಕಡಿಮೆ ಮಾಡಬಹುದು. ದುಡ್ಡು ಎಲ್ಲಿ ಹಾಕಬೇಕು ಅಂತ ತೋರಿಸಿದ್ದು ಈ ಲೆಕ್ಕವೇ. ಆಮೇಲಿನ ವರ್ಷಗಳಲ್ಲಿ ಅಲ್ಲೂ ಬಿಸಿಯ ಪಾಲು ಏರಿದೆ. ಅಂದರೆ ಹಳೆಯ ಲೆಕ್ಕವನ್ನೇ ನಂಬಿಕೊಂಡು ಕೂರುವ ಹಾಗೂ ಇಲ್ಲ.

ಶೇಕಡಾವಾರು ಅಂಕಿಯಲ್ಲಿ ಇನ್ನೊಂದು ಮೋಸವಿದೆ. 2022ರಲ್ಲಿ ಅದೇ ದಿಬ್ಬಸಾಲಿನ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹವಳ 36 ವರ್ಷಗಳಲ್ಲೇ ಅತಿ ಹೆಚ್ಚಾಗಿತ್ತು. ಎಷ್ಟೋ ಜನ ಖುಷಿಪಟ್ಟರು. ಆದರೆ ಹೆಚ್ಚಿದ್ದು ಬಹುಪಾಲು ಅಕ್ರೊಪೊರಾ ಎಂಬ ಕವಲುಹವಳ. ಅದು ಬೇಗ ಬೆಳೆಯುತ್ತದೆ, ಬಿಸಿಗೂ ಅಲೆಗೂ ಬೇಗ ಸಾಯುತ್ತದೆ. 2024ರ ಬಿಸಿಯ ನಂತರ ದೊಡ್ಡ ಕುಸಿತ ಆಗಿಯೇ ಬಿಟ್ಟಿತು. ಎಷ್ಟು ಹವಳ ಅನ್ನೋದರ ಜೊತೆ ಯಾವ ಹವಳ, ಉಗುರಿನಷ್ಟಿರುವ ಮರಿಹವಳ ಎಷ್ಟು ಅನ್ನೋದೂ ಬೇಕು, ಅಲ್ವಾ?

ಮೀನಿನ ಲೆಕ್ಕವೂ ಬೇಕು. ಗಿಳಿಮೀನಿನಂಥವು ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದರೆ ಮಾತ್ರ ಮರಿಹವಳಕ್ಕೆ ಕೂರಲು ಜಾಗ ಸಿಗುತ್ತದೆ. ಲಕ್ಷದ್ವೀಪದವರು ಬಹುಕಾಲದಿಂದ ಕೋಲು-ಗಾಳದಲ್ಲಿ ಟ್ಯೂನಾ ಹಿಡಿಯುತ್ತ ಬಂದಿದ್ದರಿಂದ ದಿಬ್ಬದ ಮೀನಿನ ಮೇಲೆ ಒತ್ತಡ ಕಡಿಮೆ ಇತ್ತು. ಈಗ ದಿಬ್ಬದ ಮೀನಿಗೂ ಬೇಡಿಕೆ ಬಂದಿದೆ. ಎಷ್ಟು ಹಿಡಿಯಬಹುದು ಎಂದು ಹೇಳಬೇಕಾದರೆ ಯಾವ ಜಾತಿ, ಎಷ್ಟು ಗಾತ್ರ, ಎಲ್ಲಿ ಸಿಕ್ಕಿತು ಅಂತ ಗೊತ್ತಿರಬೇಕು. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಲ್ಲಿನ ಟ್ಯೂನಾ ಮೀನುಗಾರರಿಂದಲೇ ದಾಖಲೆ ಪುಸ್ತಕ ಬರೆಸುವ ಕೆಲಸ ಮಾಡಿದೆ. ಇದು ನನಗೆ ತುಂಬಾ ಮೆಚ್ಚುಗೆಯಾದ ದಾರಿ. ದಿನಾ ಸಮುದ್ರಕ್ಕೆ ಹೋಗುವವರು ತಾವೇ ಬರೆದ ಲೆಕ್ಕವನ್ನು ನಂಬುತ್ತಾರೆ, ಅದರ ಮೇಲೆ ಮಾಡಿದ ನಿಯಮವನ್ನೂ ಒಪ್ಪುತ್ತಾರೆ.

ನಮ್ಮ ಕರಾವಳಿಯಲ್ಲೂ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಮಳೆಗಾಲ ಮುಗಿದ ಮೇಲೆ ಸ್ಕೂಬಾ ದೋಣಿಗಳು ಅಲ್ಲಿಗೆ ಹೋಗುತ್ತವೆ. ಕೆಲವು ಕಡೆ ಗುರುತಿನ ಗೂಟ ನೆಟ್ಟು, ಪ್ರತಿ ಸೀಸನ್ನಿನ ಮೊದಲಿಗೂ ಕೊನೆಗೂ ಅದೇ ಜಾಗದ ಫೋಟೊ ತೆಗೆದು, ಪಕ್ಕದಲ್ಲೊಂದು ತಾಪಮಾಪಕ ಕಟ್ಟಿದರೆ ಅದೇ ಒಳ್ಳೆಯ ಆರಂಭ. ಆ ಫೋಟೊಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಇಡಬೇಕು. ಲಂಗರನ್ನು ಎಲ್ಲಿ ಬಿಡಬಾರದು, ಯಾವ ವರ್ಷ ಯಾವ ಜಾಗಕ್ಕೆ ವಿಶ್ರಾಂತಿ ಕೊಡಬೇಕು ಅಂತ ಅಧಿಕಾರಿಗಳೂ ದೋಣಿಯವರೂ ಅದನ್ನು ನೋಡಿಯೇ ತೀರ್ಮಾನಿಸಬಹುದು.