ಮೂಟೆ ಮೈಗಂಟಿಕೊಂಡೇ ಏಳಲಿ

ಸೊಂಟ ಹಿಡ್ಕೊಂಡಿದೆ ಅಂತ ಹಾಸನದಲ್ಲಿ ಯಾರಿಗೇ ಹೇಳಿ, ಮೊದಲು ಬರುವ ಪ್ರಶ್ನೆ ಒಂದೇ: "ಎಷ್ಟು ಭಾರ ಎತ್ತಿದ್ರಿ?" ಮೈಯಿಂದ ಎಷ್ಟು ದೂರದಲ್ಲಿ ಹಿಡಿದು ಎತ್ತಿದ್ರಿ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ. ಜಿಮ್‌ನಲ್ಲಿ ಬಾರ್ ಎತ್ತುವವರಿಗೂ ಅಷ್ಟೇ, ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವವರಿಗೂ ಅಷ್ಟೇ.

5 ಕೆಜಿ ಅಕ್ಕಿ ಚೀಲ ತಗೊಳ್ಳಿ. ಎದೆಗೆ ಅವಚಿಕೊಂಡು ನಿಂತರೆ ಪಕ್ಕದ ಮನೆಯವರ ಜೊತೆ ಮಾತು ಮುಗಿಯುವ ತನಕ ನಿಲ್ಲಬಹುದು. ಅದೇ ಚೀಲವನ್ನು ಎರಡೂ ಕೈ ಚಾಚಿ ಮುಂದಕ್ಕೆ ಹಿಡಿಯಿರಿ. ಸ್ವಲ್ಪ ಹೊತ್ತಿಗೇ ಭುಜ ನಡುಗುತ್ತದೆ. ಚೀಲದ ತೂಕ ಒಂದು ಗ್ರಾಂ ಕೂಡ ಹೆಚ್ಚಾಗಿಲ್ಲ ಅಲ್ವಾ? ಹೆಚ್ಚಾದದ್ದು ದೂರ ಮಾತ್ರ.

ಸೊಂಟದ ಒಳಗೆ ನಡೆಯುವುದೂ ಇದೇ. ಬೆನ್ನುಮೂಳೆಯ ಹಿಂದೆ, ಎಡಕ್ಕೂ ಬಲಕ್ಕೂ ಉದ್ದಕ್ಕೆ ಹರಿದಿರುವ ಸ್ನಾಯುಗಳಿವೆ. ನಾವು ಮುಂದಕ್ಕೆ ಬೀಳದ ಹಾಗೆ ಎಳೆದು ಹಿಡಿಯುವುದು ಅವೇ. ಆದರೆ ಮೂಳೆಯ ನಡುವಿನಿಂದ ಅವು ಇರುವ ದೂರ ಸುಮಾರು 5 ಸೆಂ.ಮೀ. ಅಷ್ಟೇ. ಒಂದು ಕಡೆ ತೋಳು ಗಿಡ್ಡ, ಇನ್ನೊಂದು ಕಡೆ ಉದ್ದ ಇರುವ ತಕ್ಕಡಿ ಅಂದುಕೊಳ್ಳಿ. ಉದ್ದ ತೋಳಿನ ಕಡೆ ನಿಮ್ಮ ಕೈಯಲ್ಲಿರುವ ಭಾರ, ಗಿಡ್ಡ ತೋಳಿನ ಕಡೆ ಬೆನ್ನಿನ ಸ್ನಾಯು. 20 ಕೆಜಿಯನ್ನು ಬೆನ್ನುಮೂಳೆಯಿಂದ 50 ಸೆಂ.ಮೀ. ದೂರದಲ್ಲಿ ಹಿಡಿದರೆ ಸ್ನಾಯು ಅದರ ಹತ್ತು ಪಟ್ಟು, ಅಂದರೆ 200 ಕೆಜಿಯಷ್ಟು ಎಳೆಯಬೇಕು. 25 ಸೆಂ.ಮೀ.ಗೆ ತಂದರೆ 100 ಸಾಕು. ಆ ಎಳೆತವೆಲ್ಲ ಬಂದು ಕೂರುವುದು ಮೂಳೆಗಳ ನಡುವಿನ ಡಿಸ್ಕ್ ಮೇಲೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಲೆಕ್ಕ ಸೊನ್ನೆ ಆಗುವುದಿಲ್ಲ. ಬಗ್ಗಿದಾಗ ನಮ್ಮ ತಲೆ, ತೋಳು, ಎದೆಗಳೇ ಮುಂದೆ ತೂಗುವ ಭಾರ. ಅವೆಲ್ಲ ಸೇರಿದರೆ ದೇಹದ ತೂಕದ ಅರ್ಧಕ್ಕಿಂತ ಜಾಸ್ತಿ. ಕೆಳಗೆ ಬಿದ್ದ ಪೆನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು 17ನೇ ಶತಮಾನದ ಇಟಲಿಯ ಜೊವಾನ್ನಿ ಅಲ್ಫೊನ್ಸೊ ಬೊರೆಲ್ಲಿ. ಅವರು ತೀರಿಕೊಂಡ ಮೇಲೆ, 1680ರಲ್ಲಿ ಈ ಲೆಕ್ಕ ಇರುವ ಅವರ ಪುಸ್ತಕ ಅಚ್ಚಾಯಿತು. ಸ್ನಾಯುಗಳು ಕಡಿಮೆ ಬಲ ಹಾಕಿ ಹೆಚ್ಚು ಭಾರ ಎತ್ತುತ್ತವೆ ಅನ್ನುವ ಹಳೆಯ ನಂಬಿಕೆಯನ್ನು ಬೊರೆಲ್ಲಿ ತಲೆಕೆಳಗು ಮಾಡಿದರು. ಎತ್ತುವ ಭಾರಕ್ಕಿಂತ ಎಷ್ಟೋ ಪಟ್ಟು ಬಲವನ್ನು ಸ್ನಾಯು ಹಾಕಬೇಕಾಗುತ್ತದೆ ಅಂದರು. ಹಾಗಾದರೆ ದೇಹ ಹೀಗೆ ನಷ್ಟದ ವ್ಯಾಪಾರಕ್ಕೆ ಯಾಕೆ ಇಳಿಯಿತು? ಲಾಭ ಬೇರೆ ಕಡೆ ಇದೆ. ಸ್ನಾಯು ಒಂದಿಷ್ಟೇ ಕುಗ್ಗಿದರೂ ಕೈಯ ತುದಿ ತುಂಬಾ ದೂರ, ತುಂಬಾ ಬೇಗ ಚಲಿಸುತ್ತದೆ. ಕಲ್ಲು ಬೀಸಿ ಒಗೆಯುವುದು, ಮರ ಹತ್ತುವುದು, ಓಡುವುದು ಎಲ್ಲ ಸಾಧ್ಯವಾಗಿರುವುದು ಇದರಿಂದಲೇ. ಬಲವನ್ನು ಕೊಟ್ಟು ವೇಗವನ್ನು ಪಡೆದಿದ್ದೇವೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬೆರಗು ಹುಟ್ಟಿಸುವ ವಿಚಾರ.

1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್ ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ವಇಚ್ಛೆಯಿಂದ ಒಪ್ಪಿದ ಒಬ್ಬರ ಸೊಂಟದ ಡಿಸ್ಕ್ ಒಳಗೇ ಸಣ್ಣ ಮಾಪಕ ಇಟ್ಟು ಒತ್ತಡ ಅಳೆದರು. ಸುಮ್ನೆ ನಿಂತಾಗ ಪ್ರತಿ ಚದರ ಸೆಂ.ಮೀ.ಗೆ ಸುಮಾರು 5 ಕೆಜಿ ಒತ್ತಡ. 20 ಕೆಜಿಯನ್ನು ಮೈಗೆ ಹತ್ತಿರ ಹಿಡಿದು ನಿಂತಾಗ 11. ಅದನ್ನೇ ಮಂಡಿ ಬಗ್ಗಿಸಿ ನೆಲದಿಂದ ಎತ್ತಿದಾಗ 17. ಬೆನ್ನು ಗೂನು ಮಾಡಿ ಎತ್ತಿದಾಗ 23. ಒಬ್ಬರ ಮೇಲೆ ಮಾಡಿದ ಅಳತೆ ಆದ್ದರಿಂದ ಅಂಕಿಗಳು ನಿಮಗೂ ನನಗೂ ಹಾಗೇ ಹೊಂದಬೇಕಿಲ್ಲ. ಆದರೆ ಬೊರೆಲ್ಲಿಯ ಲೆಕ್ಕ ಬದುಕಿರುವ ಮನುಷ್ಯನ ಒಳಗೇ ಕಾಣಿಸಿತು.

"ಮಂಡಿ ಬಗ್ಗಿಸಿ ಎತ್ತು, ಬೆನ್ನು ಬಗ್ಗಿಸಬೇಡ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯ. ಒಂದು ಅಗಲವಾದ ಆಲೂಗಡ್ಡೆ ಮೂಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಎರಡು ಮಂಡಿಯ ನಡುವೆ ಮೂಟೆ ಹಿಡಿಸುವುದಿಲ್ಲ. ಮಂಡಿಗಳು ಮುಂದೆ ಬಂದು ಮೂಟೆಯನ್ನು ಇನ್ನೂ ಆಚೆ ತಳ್ಳುತ್ತವೆ. ಮಂಡಿ ಬಗ್ಗಿದೆ, ದೂರ ಹೆಚ್ಚಾಗಿದೆ, ಸೊಂಟದ ಮೇಲಿನ ಹೊರೆಯೂ ಹೆಚ್ಚಾಗಿದೆ.

ಹಮಾಲಿಗಳು ಮೂಟೆ ಹೊರುವುದನ್ನು ಗಮನವಿಟ್ಟು ನೋಡಿ. ಇಬ್ಬರು ಮೂಟೆಯ ಎರಡು ತುದಿ ಹಿಡಿದು ಮೇಲೆತ್ತುತ್ತಾರೆ. ಮೂರನೆಯವರು ಸ್ವಲ್ಪ ಬಾಗಿ ಅದರ ಅಡಿಗೆ ಹೋಗಿ, ಕುತ್ತಿಗೆಯ ಬುಡಕ್ಕೂ ಬೆನ್ನಿಗೂ ಅದನ್ನು ಕೂರಿಸಿಕೊಳ್ಳುತ್ತಾರೆ. ಆಮೇಲೆ ಸಣ್ಣ ಸಣ್ಣ ಹೆಜ್ಜೆ. ಭಾರ ಬೆನ್ನುಮೂಳೆಯ ಮೇಲೇ ಕೂತಿದೆ, ಮುಂದಕ್ಕೆ ತೂಗುತ್ತಿಲ್ಲ. ಇದು ಶುದ್ಧ ಭೌತಶಾಸ್ತ್ರ. ಆ ಜಾಣ್ಮೆಗೆ ನನ್ನ ಗೌರವ ಇದೆ. ಆದರೆ ಮೂಟೆಯ ಗಾತ್ರಕ್ಕೆ ನನ್ನ ಒಪ್ಪಿಗೆ ಇಲ್ಲ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ಕೆಲಸದಲ್ಲಿ ಕೈಯಿಂದ ಎತ್ತಲು ಸೂಚಿಸುವ ಮಿತಿ 23 ಕೆಜಿ. ಅದೂ ಭಾರ ಕಾಲ್ಗಂಟಿನಿಂದ 25 ಸೆಂ.ಮೀ. ಒಳಗಿದ್ದರೆ. 50 ಸೆಂ.ಮೀ. ಆದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, 63 ದಾಟಿದರೆ ಸೊನ್ನೆ. ನಮ್ಮ ಕಾಫಿ, ಆಲೂಗಡ್ಡೆ 50 ಕೆಜಿ ಮೂಟೆಯಲ್ಲೇ ಓಡಾಡಬೇಕು ಅಂತ ಏನಿದೆ? 25ರ ಚೀಲ ಮಾಡಿದರೆ ಎಷ್ಟೋ ಸೊಂಟಗಳು ಉಳಿಯುತ್ತವೆ.

ಜಿಮ್‌ಗೆ ಬರೋಣ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದ ಮೀರಾಬಾಯಿ ಚಾನು ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ಬಾರನ್ನು ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ಸ್ಪರ್ಧೆಯಲ್ಲಿ, 115 ಕೆಜಿ ಎತ್ತಿದರು. ಆ ವಿಡಿಯೊ ನಿಧಾನಗತಿಯಲ್ಲಿ ನೋಡಿ. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದನ್ನೂ ನೋಡಿ. ಬಾರ್ ಮೊಣಕಾಲ ಮುಂದೆ, ತೊಡೆಯ ಮುಂದೆ, ಮೈಗೆ ತಾಗುವಷ್ಟು ಹತ್ತಿರದಲ್ಲೇ ಮೇಲೇರುತ್ತದೆ. ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರ್ ಹಿಡಿದು ನೆಟ್ಟಗೆ ಎದ್ದು ನಿಲ್ಲುವ ವ್ಯಾಯಾಮ, ಮಾಡುವಾಗ ಬಾರ್ ಪಾದದ ನಡುವಿನ ಮೇಲಿರಲಿ. ಮೊದಲು ಸೊಂಟವನ್ನು ಹಿಂದಕ್ಕೆ ತಳ್ಳಿ, ಆಮೇಲೆ ಮಂಡಿ ಬಗ್ಗಲಿ. ಉಸಿರು ತುಂಬಿ ಹೊಟ್ಟೆ ಬಿಗಿ ಮಾಡಿ, ಬಾರ್ ಕಾಲಿಗೆ ಸವರಿಕೊಂಡೇ ಬರಲಿ. ಬಿಪಿ ಇರುವವರು ಮಾತ್ರ ಉಸಿರು ಕಟ್ಟಬಾರದು. 1985ರ ಒಂದು ಅಧ್ಯಯನದಲ್ಲಿ ದೇಹದಾರ್ಢ್ಯ ಪಟುಗಳು ಕಾಲಿನಿಂದ ಭಾರೀ ತೂಕ ತಳ್ಳುವಾಗ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಅಂಥವರು ಹಗುರ ತೂಕ ಹಿಡಿದು, ಎತ್ತುವಾಗ ಉಸಿರು ಬಿಡುವುದು ಒಳ್ಳೆಯದು.

ಹುಡುಗರಿಗೆ ಒಂದು ಮಾತು. ಮೊದಲ ಕೆಲವು ವಾರ ತೂಕ ಸರಸರ ಏರುತ್ತದೆ. ಆಗ ಬೆಳೆದಿರುವುದು ಸ್ನಾಯು ಅಲ್ಲ. ಇರುವ ಸ್ನಾಯುವನ್ನು ಒಟ್ಟಿಗೆ ಎಬ್ಬಿಸುವುದನ್ನು ನರಮಂಡಲ ಕಲಿತಿದೆ ಅಷ್ಟೇ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್ ಅನ್ನುವ ಗಟ್ಟಿ ಎಳೆ ತುಂಬಾ ನಿಧಾನಕ್ಕೆ ಬಲಿಯುತ್ತದೆ. ಗೆಳೆಯ 80 ಎತ್ತಿದ ಅಂತ ನೀವು ಅವಸರ ಮಾಡಿದರೆ ಪೆಟ್ಟು ಬೀಳುವುದು ಅಲ್ಲೇ.

ಮಹಾರಾಜ ಪಾರ್ಕ್‌ನಲ್ಲಿ ದಿನಾ ಬೆಳಿಗ್ಗೆ ವಾಕ್ ಮಾಡುವ ಹಿರಿಯರು "ನಮಗೆ ನಡಿಗೆ ಸಾಕು, ಈ ವಯಸ್ಸಲ್ಲಿ ಭಾರ ಯಾಕೆ" ಅನ್ನುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ, ಹಿರಿಯರಿಗೂ ಸೇರಿಸಿ. 1990ರಲ್ಲಿ ಅಮೆರಿಕದಲ್ಲಿ ತೊಂಬತ್ತರ ಆಸುಪಾಸಿನ, ವೃದ್ಧಾಶ್ರಮದಲ್ಲಿದ್ದ ದುರ್ಬಲ ಮುದುಕರಿಗೆ 8 ವಾರ ತೂಕದ ತರಬೇತಿ ಕೊಟ್ಟರು. ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ತೊಂಬತ್ತರಲ್ಲಿ! ಮನೆಯಲ್ಲಿ ಶುರು ಮಾಡಲು ಒಂದು ಕುರ್ಚಿ ಸಾಕು. ಕೈ ಊರದೆ ಕೂತು ಏಳಿ. ಸುಲಭ ಅನ್ನಿಸಿದಾಗ ಅದೇ 5 ಕೆಜಿ ಚೀಲವನ್ನು ಎದೆಗೆ ಅವಚಿಕೊಂಡು ಏಳಿ.

ಇನ್ನು, ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಒದೆಸಿಕೊಂಡವರು ಸರಿಹೋಗುವುದೂ ನಿಜ. ಒದೆಸಿಕೊಳ್ಳದವರೂ ಸರಿಹೋಗುತ್ತಾರೆ, ಯಾಕಂದರೆ ಇಂಥ ಸಾಮಾನ್ಯ ನೋವು ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲಗೆ ಓಡಾಡಿಕೊಂಡಿದ್ದರೆ ಬೇಗ ಇಳಿಯುತ್ತದೆ. ನನಗೆ ಭಯ ಇರುವುದು ಸಾಮಾನ್ಯವಲ್ಲದ ನೋವಿನ ಬಗ್ಗೆ. ಕಾಲಿನಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ, ಮೂತ್ರ ಕಟ್ಟಿದ್ದರೆ ಇಲ್ಲವೇ ಹಿಡಿತ ತಪ್ಪಿದ್ದರೆ ಡಿಸ್ಕ್ ನರಗಳ ಕಟ್ಟನ್ನೇ ಒತ್ತುತ್ತಿರಬಹುದು. ಆಗ ಒದೆಸುವುದೂ ಬೇಡ, ಎಣ್ಣೆ ತಿಕ್ಕಿಸುವುದೂ ಬೇಡ. ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ನರಗಳ ಮಟ್ಟಿಗೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.