ಪರದೆ ಮೇಲಿನ ಹಳೆ ಕಾರು: ಬೆಲೆ ಕಟ್ಟುವುದು ಇಷ್ಟು ಗೋಜಲಾಗಿದ್ದು ಹೇಗೆ?

ಒಂದೇ ವರ್ಷ ತಯಾರಾದ, ಒಂದೇ ಬಣ್ಣದ ಎರಡು ಪೋರ್ಷೆ 911 ಕಾರುಗಳು ಒಂದೇ ವಾರ ಆನ್‌ಲೈನ್ ಹರಾಜಿಗೆ ಬಂದವು ಅಂದುಕೊಳ್ಳಿ. ಫೋಟೋದಲ್ಲಿ ಎರಡೂ ಅವಳಿ ಮಕ್ಕಳ ಹಾಗೆ. ಆದರೆ ಒಂದು ಇನ್ನೊಂದರ ಎರಡರಷ್ಟು ಬೆಲೆಗೆ ಹೋಗುತ್ತದೆ. ಯಾಕೆ ಅಂತ ಕೇಳಿದರೆ ಒಬ್ಬರು ಇಂಜಿನ್ ನಂಬರ್ ಅನ್ನುತ್ತಾರೆ, ಇನ್ನೊಬ್ಬರು ಓಡಿದ ಮೈಲಿ ಅನ್ನುತ್ತಾರೆ, ಮತ್ತೊಬ್ಬರು ಅವತ್ತು ಇಬ್ಬರು ಹಟಕ್ಕೆ ಬಿದ್ದಿದ್ದರು ಅಷ್ಟೇ ಅನ್ನುತ್ತಾರೆ. ಮೂರೂ ನಿಜ ಇರಬಹುದು. ಅದೇ ತೊಂದರೆ.

ಮೊದಲು ಹೀಗಿರಲಿಲ್ಲ. 1960ರ ದಶಕದಲ್ಲಿ ರೇಸು ಮುಗಿದ ಕಾರು ಅಂದರೆ ಬರೀ ಹಳೇ ಕಾರು. ಫೆರಾರಿ 250 ಜಿಟಿಒ ಮಾದರಿಯಲ್ಲಿ 1962ರಿಂದ 1964ರವರೆಗೆ ತಯಾರಾಗಿದ್ದು 36 ಮಾತ್ರ. ಅದರಲ್ಲೊಂದನ್ನು ಟೆಕ್ಸಸ್‌ನ ಒಂದು ಹೈಸ್ಕೂಲಿಗೆ ದಾನ ಕೊಟ್ಟಿದ್ದರು, ಹುಡುಗರು ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ! 1972ರಲ್ಲಿ ಶಾಲೆ ಅದನ್ನು 6,500 ಡಾಲರ್‌ಗೆ ಮಾರಿತು. ಆಮೇಲೆ ಅದು ವರ್ಷಗಟ್ಟಲೆ ಬಯಲಲ್ಲಿ, ಟ್ರೈಲರ್ ಮೇಲೆ ಬಿಸಿಲು ಮಳೆಗೆ ನಿಂತಿತ್ತು. 2018ರಲ್ಲಿ ಅದೇ ಮಾದರಿಯ ಬೇರೊಂದು ಕಾರು ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು.

ನಡುವೆ ಏನಾಯಿತು? ಮೊದಲು ಹಣ ಬಂತು. 1987ರಲ್ಲಿ ಷೇರುಪೇಟೆ ಕುಸಿದ ಮೇಲೆ ದುಡ್ಡಿದ್ದವರು ಅದನ್ನಿಡಲು ಬೇರೆ ಜಾಗ ಹುಡುಕುತ್ತಿದ್ದರು, 1988ರ ಆಗಸ್ಟ್‌ನಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೊ ಫೆರಾರಿ ತೀರಿಕೊಂಡರು, ಬೆಲೆ ಮುಗಿಲಿಗೇರಿತು. 1990 ದಾಟುತ್ತಿದ್ದಂತೆ ಧೊಪ್ಪನೆ ಬಿತ್ತು. ಸಾಲ ಮಾಡಿ ಕೊಂಡವರು ಕೈ ಸುಟ್ಟುಕೊಂಡರು.

ಆಮೇಲೆ ಬಂದದ್ದು ಕಾಗದದ ಹುಚ್ಚು. ‘ಮ್ಯಾಚಿಂಗ್ ನಂಬರ್ಸ್’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಕಾರ್ಖಾನೆಯ ದಾಖಲೆಯಲ್ಲಿ ಆ ಚಾಸಿಗೆ ಯಾವ ಇಂಜಿನ್ ಕೂರಿಸಿದ್ದರೋ ಅದೇ ಈಗಲೂ ಇದೆ ಅಂತ ಅರ್ಥ. ಫೆರಾರಿ 2006ರಲ್ಲಿ ಕ್ಲಾಸಿಕೆ ಅನ್ನುವ ವಿಭಾಗ ತೆರೆದು ತಾನೇ ಸರ್ಟಿಫಿಕೇಟ್ ಕೊಡಲು ಶುರು ಮಾಡಿತು. ತಪ್ಪೇನಿಲ್ಲ. ಆದರೆ ಸ್ಪೋರ್ಟ್ಸ್ ಕಾರನ್ನು ಅದರ ಕೆಲಸಕ್ಕೇ ಬಳಸಿದರೆ ಇಂಜಿನ್ ಹೋಗುತ್ತದೆ, ಬೇರೆ ಹಾಕುತ್ತಾರೆ. ಸುಮ್ನೆ ಷೆಡ್ಡಿನಲ್ಲಿ ನಿಂತ ಕಾರಿಗೆ ಮೂಲ ಇಂಜಿನ್ ಉಳಿಯುತ್ತದೆ. ಓಡಿದ್ದಕ್ಕೆ ದಂಡ, ನಿಂತದ್ದಕ್ಕೆ ಬಹುಮಾನ, ವಿಚಿತ್ರ ಅಲ್ವಾ?

ಇನ್ನೊಂದು ಕಡೆ ಅಂಕದ ಪದ್ಧತಿ. ಹ್ಯಾಗರ್ಟಿಯಂತಹ ಬೆಲೆಪಟ್ಟಿಗಳಲ್ಲಿ ಕಾರಿನ ಸ್ಥಿತಿಗೆ 1ರಿಂದ 4ರವರೆಗೆ ಅಂಕ. 1 ಅಂದರೆ ಪ್ರದರ್ಶನಕ್ಕೆ ನಿಲ್ಲಿಸುವಂಥದ್ದು, 4 ಅಂದರೆ ಓಡುತ್ತದೆ ಆದರೆ ಊನ ಕಣ್ಣಿಗೆ ಕಾಣುತ್ತದೆ. ಬಹುಪಾಲು ಕಾರುಗಳು 3. ಮಾರುವವರನ್ನು ಕೇಳಿ, ಎಲ್ಲರದ್ದೂ 2! ಹೆತ್ತವರಿಗೆ ಹೆಗ್ಗಣ ಮುದ್ದು.

ಇಷ್ಟು ಗೋಜಲಿನ ಮೇಲೆ ಇಂಟರ್ನೆಟ್ ಬಂತು. ಶುರುವಿನಲ್ಲಿ ಮಸುಕಾದ ಐದಾರು ಫೋಟೋ, ನಾಲ್ಕು ಸಾಲು ವಿವರಣೆ, ಕಾಣುತ್ತಿದ್ದದ್ದು ಮಾರುವವರು ಕೇಳುವ ಬೆಲೆ ಮಾತ್ರ. ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. 2007ರಲ್ಲಿ ಶುರುವಾದ ‘ಬ್ರಿಂಗ್ ಎ ಟ್ರೈಲರ್’ ಅನ್ನುವ ವೆಬ್‌ಸೈಟ್ 2014ರಲ್ಲಿ ತಾನೇ ಹರಾಜು ನಡೆಸಲು ಇಳಿದ ಮೇಲೆ ಆಟವೇ ಬದಲಾಯಿತು. ಒಂದು ಕಾರಿಗೆ ನೂರಿನ್ನೂರು ಫೋಟೋ, ಅಡಿಭಾಗದ್ದೂ ಸೇರಿ. ಸ್ಟಾರ್ಟ್ ಮಾಡುವ ವಿಡಿಯೋ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ, ಹಾಗಾಗಿ ಕೊನೇ ಸೆಕೆಂಡಿನಲ್ಲಿ ಕದ್ದು ಹೊಡೆಯುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಮಾರಾಟವಾದ ಬೆಲೆ ಎಲ್ಲರ ಕಣ್ಣೆದುರು ಉಳಿಯುತ್ತದೆ. ಕೊಳ್ಳುವವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ನಾನೂ ಎಷ್ಟೋ ರಾತ್ರಿ ನಿದ್ದೆಗೆಟ್ಟು ನೋಡಿದ್ದೇನೆ, ಒಂದು ಸಲವೂ ಕೂಗಲಿಲ್ಲ, ಅದು ಬೇರೆ ಮಾತು.

ಆದರೆ ಎಲ್ಲರಿಗೂ ಕಾಣುವ ಬೆಲೆ ಬಹಳ ಬೇಗ ಅಳತೆಗೋಲಾಗುತ್ತದೆ. 2020ರ ಜನವರಿಯಲ್ಲಿ 1971ರ ಒಂದು ಡಾಟ್ಸನ್ 240ಜೆಡ್ ಆ ತಾಣದಲ್ಲಿ 3,10,000 ಡಾಲರ್‌ಗೆ ಹೋಯಿತು. ತುಂಬ ಕಡಿಮೆ ಓಡಿದ, ಮೂಲ ಸ್ಥಿತಿಯಲ್ಲೇ ಉಳಿದ, ಹುಡುಕಿದರೂ ಸಿಗದಂಥ ಕಾರು ಅದು. ಆದರೆ ಇಂಥ ಸುದ್ದಿ ಬಂದಾಗ ಹಿತ್ತಲಲ್ಲಿ ತುಕ್ಕು ಹಿಡಿದ 240ಜೆಡ್ ಇಟ್ಟುಕೊಂಡವರೂ ಬೆಲೆ ಏರಿಸುತ್ತಾರೆ. ಒಂದು ಮಾರಾಟ ಅಂದರೆ ಒಂದು ಕಾರು, ಒಂದು ದಿನ, ಪಟ್ಟು ಬಿಡದ ಇಬ್ಬರು. ಅದನ್ನು ಇಡೀ ಮಾದರಿಯ ಬೆಲೆ ಅಂತ ಓದಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಕೋವಿಡ್ ಬಂತು, ಜನ ಮನೆಯಲ್ಲಿ ಕೂತರು, ಸಾಲ ಅಗ್ಗವಾಗಿತ್ತು, 2021 ಮತ್ತು 2022ರಲ್ಲಿ ಬೆಲೆ ಇನ್ನೂ ಏರಿತು. ಬಡ್ಡಿ ಹೆಚ್ಚಿದ ಮೇಲೆ ತಣ್ಣಗಾಯಿತು. ಕೇಳುವ ಬೆಲೆ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಹಾಗಾದರೆ ಪರದೆ ಮೇಲೆ ನೋಡುವುದಾದರೂ ಏನನ್ನು? ನಾನು ಮೊದಲು ಟಯರ್ ನೋಡುತ್ತೇನೆ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2309 ಅಂದರೆ 2009ರ 23ನೇ ವಾರ ತಯಾರಾದದ್ದು. ಟಯರ್‌ನ ಮೈಮೇಲಿನ ಗೆರೆಗಳು ಸವೆದಿಲ್ಲ, ಆದರೆ ಟಯರ್‌ಗೆ ವಯಸ್ಸಾಗಿದೆ ಅಂದರೆ ಕಾರು ನಿಂತೇ ಇತ್ತು. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಪೆಟ್ರೋಲ್ ಅಂಟಾಗಿ ಕಟ್ಟಿಕೊಳ್ಳುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ. ಕಡಿಮೆ ಓಡಿದೆ ಅಂತ ಜಾಸ್ತಿ ದುಡ್ಡು ಕೊಟ್ಟವರೇ ಆಮೇಲೆ ಈ ರಿಪೇರಿ ಬಿಲ್ಲನ್ನೂ ಕಟ್ಟಬೇಕು. ಇನ್ನು ಓಡಿದ ಲೆಕ್ಕವನ್ನೂ ಪೂರ್ತಿ ನಂಬುವ ಹಾಗಿಲ್ಲ. ಎಷ್ಟೋ ಹಳೆ ಮೀಟರ್‌ಗಳಲ್ಲಿ ಐದೇ ಅಂಕಿ, 99,999 ಆದಮೇಲೆ ಮತ್ತೆ ಸೊನ್ನೆ. 32,000 ಅಂತ ತೋರಿಸಿದರೆ 1,32,000 ಕೂಡ ಇರಬಹುದು. ಕ್ಲಚ್ ಪೆಡಲ್‌ನ ರಬ್ಬರ್ ಸವೆದಿದೆಯಾ, ಸೀಟಿನ ಅಂಚು ಕುಸಿದಿದೆಯಾ, ಇವು ಮೀಟರ್‌ಗಿಂತ ನಿಜ ಹೇಳುತ್ತವೆ. ಪ್ರತಿ ಕಾರಿಗೂ ಬೇರೆ ಬೇರೆ ಇರುವ 17 ಅಕ್ಷರದ ಗುರುತಿನ ಸಂಖ್ಯೆ, ಅಂದರೆ ವಿನ್ ನಂಬರ್, ಬಂದದ್ದೇ 1981ರಲ್ಲಿ. ಅದಕ್ಕೂ ಹಿಂದಿನ ಕಾರುಗಳ ಚರಿತ್ರೆಯನ್ನು ಒಂದು ಕ್ಲಿಕ್ಕಿನಲ್ಲಿ ತೆಗೆಯಲು ಆಗುವುದಿಲ್ಲ.

ಪೇಂಟಿನ ದಪ್ಪ ಅಳೆಯುವ ಮೀಟರ್‌ನ ಫೋಟೋ ಹಾಕಿದ್ದರೆ ಒಳ್ಳೆಯದು. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 300 ಅಂದರೆ ಮೇಲೆ ಇನ್ನೊಮ್ಮೆ ಬಳಿದಿದ್ದಾರೆ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಮೇಲೆ ಥಳಕು, ಒಳಗೆ ಹುಳುಕು.

ಹೊಗೆ ವಿಷಯದಲ್ಲಿ ಮಾತ್ರ ಕೆಲವೊಮ್ಮೆ ಪಾಪದವರಿಗೇ ಪೆಟ್ಟು. 1998ರವರೆಗೆ ಬಂದ, ಗಾಳಿಯಿಂದ ತಣ್ಣಗಾಗುವ 911ರ ಇಂಜಿನ್‌ನಲ್ಲಿ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ. ಕೆಲ ದಿನ ನಿಂತರೆ ಸ್ವಲ್ಪ ಆಯಿಲ್ ಒಳಗೆ ಜಿನುಗುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಒಂದು ಉಸಿರಿನಷ್ಟು ನೀಲಿ ಹೊಗೆ ಬಂದು ನಿಲ್ಲುತ್ತದೆ. ಅದು ಮಾಮೂಲು. ತಣ್ಣಗಿನ ಇಂಜಿನನ್ನೇ ಪ್ರಾಮಾಣಿಕವಾಗಿ ವಿಡಿಯೋ ಮಾಡಿ ಹಾಕಿದವರ ಕಾರಿನಲ್ಲಿ ಆ ಹೊಗೆ ಕಾಣುತ್ತದೆ, ನೋಡಿದವರು ಗಾಬರಿಬಿದ್ದು ಹಿಂದೆ ಸರಿಯುತ್ತಾರೆ. ಮೊದಲೇ ಬಿಸಿ ಮಾಡಿ ಆಮೇಲೆ ಕ್ಯಾಮೆರಾ ಆನ್ ಮಾಡಿದವರಿಗೆ ಆ ತಾಪತ್ರಯವೇ ಇಲ್ಲ.

ಫೋಟೋ ಜಾಸ್ತಿ ಇದ್ದ ಮಾತ್ರಕ್ಕೆ ಎಲ್ಲ ಕಂಡ ಹಾಗೂ ಅಲ್ಲ. ಒಮ್ಮೆ ಒಂದು ಜಾಗ್ವಾರ್ ಇ-ಟೈಪ್ ಹರಾಜನ್ನು ಕೊನೆಯವರೆಗೂ ನೋಡಿದ್ದೆ. ಸಂಜೆ ಬೆಳಕು, ಒದ್ದೆ ನೆಲ, ಕ್ರೋಮ್ ಮೇಲೆ ಆಕಾಶ. ಬಾಗಿಲ ಕೆಳಗಿನ ಸಿಲ್ ಈ ಕಾರಿನ ಬೆನ್ನೆಲುಬು, ತುಕ್ಕು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ನೂರೆಂಬತ್ತು ಫೋಟೋಗಳಲ್ಲಿ ಸಿಲ್‌ನ ಅಡಿಭಾಗ ಒಂದರಲ್ಲೂ ಇರಲಿಲ್ಲ. ಒಳ್ಳೆ ಬೆಲೆಗೇ ಹೋಯಿತು. ಏಳೆಂಟು ತಿಂಗಳಿಗೆ ಅದೇ ಕಾರು ಮತ್ತೆ ಬಂತು, ಈ ಸಲ ಮಾರುತ್ತಿದ್ದದ್ದು ಅವತ್ತು ಗೆದ್ದವರು. ಫೋಟೋ ಬರೀ ನಲವತ್ತು, ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದು. ಹನ್ನೊಂದನೆಯದರಲ್ಲಿ ಕಾರನ್ನು ಮೇಲೆತ್ತಿ ನಿಲ್ಲಿಸಿದ್ದಾರೆ, ಎಡಗಡೆ ಸಿಲ್‌ನಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಗಿದೆ.