ಲಂಟಾನ ಕಿತ್ತ ಜಾಗಕ್ಕೆ ಕಾಂಗ್ರೆಸ್ ಕಸ

ಮೇ ತಿಂಗಳ ಒಂದು ಭಾನುವಾರ ನಲವತ್ತು ಜನ ಸೇರಿ ಉದ್ಯಾನದ ಮೂಲೆಯಲ್ಲಿರುವ ಲಂಟಾನ ಪೊದೆಯನ್ನೆಲ್ಲ ಕಡಿದು ಬೋಳು ಮಾಡುತ್ತಾರೆ. ಜೂನ್ ತಿಂಗಳ ಮಿರಗ ಮಳೆ ಬಿದ್ದು, ಜುಲೈ ಮೊದಲ ವಾರಕ್ಕೆ ಆರಿದ್ರ ಮಳೆ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಮೊಣಕಾಲೆತ್ತರದ ಕಾಂಗ್ರೆಸ್ ಕಸ ನಿಂತಿರುತ್ತದೆ. ಅದರ ನಡುವೆ ಕಡಿದುಳಿದ ಬುಡಗಳು ಹತ್ತಾರು ಚಿಗುರು ಬಿಟ್ಟಿರುತ್ತವೆ. ಹುಬ್ಬಳ್ಳಿ–ಧಾರವಾಡದ ಬಡಾವಣೆಗಳಲ್ಲಿ ಹುಮ್ಮಸ್ಸಿನಿಂದ ಶುರುವಾಗುವ ಶ್ರಮದಾನ ಎರಡನೇ ವರ್ಷಕ್ಕೆ ತಣ್ಣಗಾಗಲು ಇಷ್ಟು ಸಾಕು.

ಲಂಟಾನದ ನೆರಳಿನಲ್ಲಿ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಬೆಳೆಯುವುದಿಲ್ಲ ನಿಜ, ಆದರೆ ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ 10,000ದಿಂದ 25,000 ಬೀಜ ಉದುರಿಸುತ್ತದೆ. ಪೊದೆ ಹೋಗಿ ಬಿಸಿಲು ಬಿತ್ತು, ಗುದ್ದಲಿ ತಾಗಿ ಮಣ್ಣು ಸಡಿಲಾಯಿತು, ಮೇಲೆ ಮಳೆಯೂ ಬಂತು ಎಂದರೆ ಮೊಳಕೆಗೆ ಇನ್ನೇನು ಬೇಕು? ಮೊಳೆತ 4ರಿಂದ 6 ವಾರಕ್ಕೆ ಗಿಡ ಹೂ ಬಿಡುತ್ತದೆ. ಹಾಗಾಗಿ ಮತ್ತೆ ಮುಚ್ಚಲು ಆಗುವಷ್ಟೇ ಜಾಗವನ್ನು ತೆರೆಯಬೇಕು. ಹತ್ತು ಜನರ ಗುಂಪಿಗೆ ಒಂದು ಬೆಳಗ್ಗೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತುಂಡು ಧಾರಾಳವಾಯಿತು. ನೂರು ಜನ ಒಂದು ಸಲ ಬರುವುದಕ್ಕಿಂತ ಆ ಹತ್ತು ಜನ ಹತ್ತು ಸಲ ಬರುವುದು ಮೇಲು.

ಇನ್ನು ಕೀಳುವ ಬಗೆ. ಲಂಟಾನದ ಕಾಂಡ ಬೇರಿಗೆ ಸೇರುವಲ್ಲಿ, ನೆಲಮಟ್ಟದಲ್ಲೇ, ಗಂಟಿನಂತೆ ಉಬ್ಬಿದ ಭಾಗವಿರುತ್ತದೆ. ಹೊಸ ಚಿಗುರೆಲ್ಲ ಹುಟ್ಟುವುದು ಅಲ್ಲಿಂದ. ಕುಡಗೋಲಿನಿಂದ ಮೇಲೆ ಸವರಿದರೆ ಗಿಡಕ್ಕೆ ಕ್ಷೌರ ಮಾಡಿದ ಹಾಗೆ, ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಜೆಸಿಬಿ ತಂದರೆ ಗಂಟೇನೋ ಬರುತ್ತದೆ, ಜೊತೆಗೆ ಒಂದಡಿ ಆಳದ ಮಣ್ಣು ಮಗುಚಿ ಹೂತಿದ್ದ ಬೀಜವೆಲ್ಲ ಮೇಲಕ್ಕೆ ಬರುತ್ತದೆ. ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಬಳಸಿ ಹೆಸರಾದ ವಿಧಾನ ಇವೆರಡರ ನಡುವಿನದು. ಒಬ್ಬರು ಉದ್ದ ಕೋಲಿನಿಂದ ಪೊದೆಯನ್ನು ಬಡಿದು, ಒಳಗೆ ಹಾವಿದ್ದರೆ ಸರಿದುಹೋಗಲು ಎರಡು ನಿಮಿಷ ಬಿಟ್ಟು, ಹೊರಗಿನ ಕೊಂಬೆಗಳನ್ನು ಹಗ್ಗದಿಂದ ಒಂದು ಬದಿಗೆ ಎಳೆದು ಹಿಡಿಯಬೇಕು. ಇನ್ನೊಬ್ಬರು ಬುಡದ ಮಣ್ಣು ಕೆದರಿ, ಗಂಟಿನ ಕೆಳಗೆ 3ರಿಂದ 5 ಸೆಂಟಿಮೀಟರ್ ಆಳದಲ್ಲಿ ತಾಯಿಬೇರಿಗೆ ಪಿಕಾಸಿಯ ಅಗಲ ಬಾಯಿಯಿಂದ ಹೊಡೆಯಬೇಕು. ಗಟ್ಟಿ ಏಟು ಎರಡೋ ಮೂರೋ ಸಾಕಾಗುತ್ತವೆ. ಗಂಟು ಪೂರ್ತಿ ಗಿಡದ ಜೊತೆಗೇ ಬಂದಿದೆಯೇ ಎಂದು ಕಣ್ಣಿಟ್ಟು ನೋಡಿ. ಅರ್ಧ ಒಳಗೆ ಉಳಿದರೆ ಆ ಅರ್ಧವೇ ಚಿಗುರುತ್ತದೆ.

ಕಿತ್ತ ಗಿಡವನ್ನು ಎಸೆಯುವುದರಲ್ಲಿಯೂ ಎಡವುವವರು ಬಹಳ. ಹಸಿ ಮಣ್ಣು ತಾಗಿದ ಲಂಟಾನದ ಕೊಂಬೆ ಬೇರು ಬಿಡುತ್ತದೆ. ಆದ್ದರಿಂದ ಪೊದೆಯನ್ನು ತಲೆಕೆಳಗಾಗಿ, ಬೇರು ಆಕಾಶಕ್ಕೆ ಮುಖ ಮಾಡುವಂತೆ, ಬಂಡೆಯ ಮೇಲೋ ಇನ್ನೂ ಕೀಳದ ಪೊದೆಯ ಮೇಲೋ ಒಣಗಲು ಬಿಡಬೇಕು. ಒಣಗಿದ ಕಡ್ಡಿಯನ್ನು ದನ ನುಗ್ಗುವ ಕಡೆ ಬೇಲಿಗೆ ಬಳಸಬಹುದು. ಎಲೆಯನ್ನು ಮಾತ್ರ ಮೇವಿನ ಹತ್ತಿರ ಸುಳಿಯಗೊಡಬೇಡಿ. ಅದನ್ನು ತಿಂದ ದನಕ್ಕೆ ಯಕೃತ್ತು ಕೆಟ್ಟು ಕಾಮಾಲೆ ಆಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ಇಳಿಜಾರಿನಲ್ಲಿ ಇನ್ನೆರಡು ತೊಡಕು. ಬುಡ ಕಲ್ಲಿನ ಸಂದಿಯಲ್ಲಿದ್ದರೆ ಬೇರಿಗೆ ಏಟು ತಾಗುವುದಿಲ್ಲ. ಅಲ್ಲಿ ಆದಷ್ಟು ಕೆಳಗೆ ಕಡಿದು, ಮೂರು ವಾರಕ್ಕೊಮ್ಮೆ ಚಿಗುರು ಮುರಿಯುತ್ತ ಗಿಡವನ್ನು ಸೊರಗಿಸುವುದೊಂದೇ ದಾರಿ. ಎರಡನೆಯದು, ಇಳಿಜಾರನ್ನು ಮಳೆಗಾಲದಲ್ಲಿ ಪೂರ್ತಿ ಬೋಳಿಸಿದರೆ ಮಣ್ಣು ಕೊಚ್ಚಿ ಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಒಂದು ಪಟ್ಟಿ ಕಿತ್ತು ಒಂದು ಪಟ್ಟಿ ಬಿಡಿ, ಬಿಟ್ಟದ್ದನ್ನು ಮರುವರ್ಷ ತೆಗೆಯಿರಿ.

ಪೊದೆಯೊಳಗೆ ಏನೇನಿದೆ ಎಂದು ನೋಡದೆ ಏಟು ಹಾಕಬೇಡಿ. ಬೇಸಿಗೆಯಲ್ಲಿ ಧಾರವಾಡದ ಸಂತೆಗೆ ಬರುವ ಕವಳಿ ಹಣ್ಣಿನ ಗಿಡ ಎಷ್ಟೋ ಕಡೆ ಲಂಟಾನದ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಎರಡಕ್ಕೂ ಎಲೆ ಎದುರುಬದುರು, ಎರಡಕ್ಕೂ ಮುಳ್ಳು. ಒಂದು ಎಲೆ ಮುರಿದು ನೋಡಿದರೆ ಗೊತ್ತಾಗುತ್ತದೆ: ಕವಳಿಯಲ್ಲಿ ಹಾಲು ಬರುತ್ತದೆ, ಎಲೆ ನುಣುಪು, ಮುಳ್ಳು ಉದ್ದ. ಲಂಟಾನದ ಎಲೆ ಮರಳು ಕಾಗದದಂತೆ ಒರಟು, ತಿಕ್ಕಿದರೆ ನಾತ, ಎಳೆ ಕಾಂಡ ಚೌಕ. ಉಳಿಸಬೇಕಾದ ಗಿಡಕ್ಕೆ ಹಿಂದಿನ ಸಂಜೆಯೇ ಕೆಂಪು ಬಟ್ಟೆಯ ಚಿಂದಿ ಕಟ್ಟಿಬಿಡಿ. ಭಾನುವಾರದ ಗದ್ದಲದಲ್ಲಿ ಪಾಠ ಹೇಳುತ್ತ ಕೂರಲು ಆಗುವುದಿಲ್ಲ. ಮರಗಳಿಗೆ ಮಾತ್ರ ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ವೃಕ್ಷಾಧಿಕಾರಿಯನ್ನು ಕೇಳಬೇಕು. ಉದ್ಯಾನದಲ್ಲಿ ಕೆಲಸ ಮಾಡಲು ಪಾಲಿಕೆಯ ಲಿಖಿತ ಒಪ್ಪಿಗೆಯೂ ಕೈಯಲ್ಲಿರಲಿ.

ಕಾಲ ಗೊತ್ತುಮಾಡಲು ಕ್ಯಾಲೆಂಡರಿಗಿಂತ ನೆಲದ ಹದ ನೋಡಬೇಕು. ಧಾರವಾಡದ ಕೆಂಪು ಮಸಾರಿಯಲ್ಲಿ ಮಳೆಯ ಮರುದಿನವೇ ಇಳಿಯಬಹುದು. ಹುಬ್ಬಳ್ಳಿಯಿಂದ ಮೂಡಣಕ್ಕೆ ಹೋದಂತೆ ಸಿಗುವ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಮರುದಿನ ಇಳಿದರೆ ಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ, ತುಳಿದ ಜಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎರಡು ಮೂರು ದಿನ ಬಿಟ್ಟು, ಹಿಡಿದ ಮಣ್ಣು ಉಂಡೆಯಾಗಿ ಬೆರಳೊತ್ತಿದರೆ ಪುಡಿಯಾಗುವಾಗ ಹೋಗಿ. ಆ ಹದದಲ್ಲಿ ಪಾರ್ಥೇನಿಯಂ ಬೇರುಸಮೇತ ಸಲೀಸಾಗಿ ಬರುತ್ತದೆ. ಒಣ ನೆಲದಲ್ಲಿ ಜಗ್ಗಿದರೆ ಕಾಂಡ ತುಂಡಾಗಿ ಬುಡ ಒಳಗೇ ಉಳಿದು ಮತ್ತೆ ಕವಲೊಡೆಯುತ್ತದೆ.

ಪಾರ್ಥೇನಿಯಂ ಕೀಳಬೇಕಾದದ್ದು ಎಲೆ ನೆಲಕ್ಕೆ ಚಕ್ರದಂತೆ ಹರಡಿರುವಾಗ. ಹೆಚ್ಚೆಂದರೆ ದಂಟು ಏಳುವಾಗ. ಬಿಳಿ ಹೂ ಕಂಡ ಮೇಲೆ ಕಿತ್ತರೆ ಪರಾಗ ಹಾರುತ್ತದೆ, ಬೀಜ ಕಟ್ಟಿದ ಮೇಲೆ ಕಿತ್ತರೆ ಬಿತ್ತನೆ ಮಾಡಿದಂತೆ. ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುವುದು ಆಗಸ್ಟ್ 16ರಿಂದ 22ರವರೆಗೆ, ಮಘಾ ಮಳೆಯ ಹೊತ್ತಿಗೆ. ಫೋಟೊಕ್ಕೆ ಚಲೋ. ಆದರೆ ಜೂನ್‌ನಲ್ಲಿ ಮೊಳೆತ ಗಿಡ ನಮ್ಮಲ್ಲಿ ಅಷ್ಟರಲ್ಲಿ ಹೂ ಬಿಟ್ಟಾಗಿರುತ್ತದೆ. ಮೊದಲ ಸುತ್ತು ಆರಿದ್ರದಲ್ಲೇ ಮುಗಿಯಬೇಕು, ಮೂರು ನಾಲ್ಕು ವಾರಕ್ಕೆ ಎರಡನೆಯದು, ಸೆಪ್ಟೆಂಬರಿನ ಉತ್ತರಿ ಮಳೆಯಲ್ಲಿ ಇನ್ನೊಂದು.

ಕೈಗೆ ಬಟ್ಟೆಯ ಗ್ಲೌಸ್ ಬೇಡ. ಅದು ರಸ ಹೀರಿ ದಿನವಿಡೀ ಚರ್ಮಕ್ಕೆ ತಿಕ್ಕುತ್ತದೆ. ರಬ್ಬರಿನದೇ ಬೇಕು. ತುಂಬುತೋಳಿನ ಅಂಗಿ, ಮಾಸ್ಕ್, ಕಾಲು ಮುಚ್ಚುವ ಬೂಟು ಇರಲಿ. ತೊಟ್ಟ ಬಟ್ಟೆಯನ್ನು ಮನೆಯಲ್ಲಿ ಬೇರೆಯಾಗಿಯೇ ಒಗೆಯಿರಿ. ಉಬ್ಬಸ ಇರುವವರು ಮತ್ತು ಹಿಂದೆ ಒಮ್ಮೆ ತುರಿಕೆ ಎದ್ದವರು ಈ ಸಾಲಿಗೆ ಬರಲೇಬಾರದು, ಅವರಿಗೆ ಲೆಕ್ಕ ಬರೆಯುವ ಕೆಲಸ ಕೊಡಿ. ತುರಿಕೆ ಪ್ರತಿ ಸಲವೂ ಹೆಚ್ಚುತ್ತದೆಯೇ ಹೊರತು ರೂಢಿಯಾಗುವುದಿಲ್ಲ.

ಎಲೆಯೆಲ್ಲ ಜರಡಿಯಾದ ಪಾರ್ಥೇನಿಯಂ ಗಿಡ ಕಂಡರೆ ಬಗ್ಗಿ ನೋಡಿ. ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೀರುಗಳಿರುವ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡ ದುಂಬಿ ಇದ್ದರೆ ಅದು ಈ ಕಸವನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೊಗ್ರಾಮಾ. ಮಳೆಗಾಲವಿಡೀ ತಿಂದು, ಚಳಿ ಬಂದಾಗ ಮಣ್ಣೊಳಗೆ ಮಲಗುತ್ತದೆ. ದುಂಬಿ ದಟ್ಟವಾಗಿರುವ ತುಂಡನ್ನು ಕೀಳದೆ ಬಿಡಿ. ಒಂದಷ್ಟನ್ನು ಡಬ್ಬಿಯಲ್ಲಿ ಹಿಡಿದು ಬೇರೆ ಮೂಲೆಗೆ ಬಿಟ್ಟರೂ ಆಯಿತು. ಇದನ್ನೊಂದೇ ನಂಬಿ ಕೂರುವಂತಿಲ್ಲ, ದುಂಬಿಯ ಸಂಖ್ಯೆ ಏರುವಷ್ಟರಲ್ಲಿ ಮೊದಲ ಹೂ ಬಂದಿರುತ್ತದೆ.

ಹೂ ಬಿಡದ ಪಾರ್ಥೇನಿಯಂ ಒಳ್ಳೆಯ ಗೊಬ್ಬರ. 3 ಅಡಿ ಆಳ, 6 ಅಡಿ ಅಗಲ, 10 ಅಡಿ ಉದ್ದದ ಗುಂಡಿಯಲ್ಲಿ ಸುಮಾರು 50 ಕಿಲೊ ಹಸಿ ಕಸದ ಪದರ, ಅದರ ಮೇಲೆ 500 ಗ್ರಾಂ ಯೂರಿಯಾ, ಸಗಣಿ ಬಗ್ಗಡ, ತೆಳುವಾಗಿ ಮಣ್ಣು, ಮತ್ತೆ ಕಸ. ಹೀಗೆ ತುಂಬಿ ಮೇಲೆ ಮಣ್ಣು–ಸಗಣಿ ಮೆತ್ತಿದರೆ 4–5 ತಿಂಗಳಿಗೆ ಗೊಬ್ಬರ ಆಗುತ್ತದೆ. ಬೀಜ ಕಟ್ಟಿದ್ದನ್ನು ಈ ಗುಂಡಿಗೆ ಹಾಕಬೇಡಿ, ಬೀಜ ಪೂರ್ತಿ ಸಾಯುವಷ್ಟು ಕಾವು ಎಲ್ಲ ಪದರಕ್ಕೂ ಸಿಗುವುದಿಲ್ಲ. ಉಪ್ಪುನೀರು ಸಿಂಪಡಿಸುವ ಸಲಹೆಯೂ ಆಗಾಗ ಬರುತ್ತದೆ. ರಸ್ತೆಯಂಚಿಗೆ ಸರಿ, ಮುಂದೆ ಏನಾದರೂ ಬೆಳೆಸಬೇಕಾದ ಉದ್ಯಾನದ ಮಣ್ಣಿಗೆ ಬೇಡ.

ಕಿತ್ತ ದಿನವೇ ಮುಚ್ಚಿಗೆ ಶುರುವಾಗಲಿ. ಬಿಸಿಲಿನ ಜಾಗಕ್ಕೆ ಕರಿಕಿ (ಗರಿಕೆ) ಹುಲ್ಲಿನ ತುಂಡುಗಳನ್ನು ಅರ್ಧ ಅಡಿಗೊಂದರಂತೆ ಊರಿ. ಅಂಚಿಗೆ ತಂಗಡಿ, ಕವಳಿ. ಖಾಲಿ ಉಳಿದ ಕಡೆ ತಗಚಿ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಎದ್ದು ಕಾಂಗ್ರೆಸ್ ಕಸವನ್ನು ತುಳಿಯುತ್ತದೆ. ಬೀಜ ಆರಿಸುವಾಗ ಮಾತ್ರ ಎಚ್ಚರ. ತಗಚಿಯ ಕಾಯಿ ತೆಳ್ಳಗೆ, ಗೇಣಿನ ಹತ್ತಿರದ ಉದ್ದ, ಕುಡಗೋಲಿನಂತೆ ಬಾಗಿರುತ್ತದೆ. ಅದರದೇ ಬಳಗದ, ಅಮೆರಿಕ ಖಂಡದಿಂದ ಬಂದ ಇನ್ನೊಂದು ಗಿಡದ್ದು ಬೆರಳುದ್ದದ ನೆಟ್ಟಗಿನ ಕಾಯಿ, ಮೈತುಂಬ ರೋಮ. ಪಾರ್ಥೇನಿಯಂ ಅದುಮಲೆಂದು ಅದನ್ನೂ ಹಿಂದೆ ಶಿಫಾರಸು ಮಾಡಿದ್ದುಂಟು. ಈಗ ದಾರಿಬದಿಯಲ್ಲಿ ಅದರದೇ ರಾಜ್ಯ.

ಉತ್ತರಿ ಮಳೆಯ ಸುತ್ತಿನಲ್ಲಿ ಇಡೀ ತುಂಡನ್ನು ಜಾಲಾಡುವ ಮೊದಲು ಮರಗಳ ಬುಡಕ್ಕೆ, ತಂತಿ ಬೇಲಿಯ ಕೆಳಗೆ ಹೋಗಿ. ಪಿಕಳಾರ, ಮೈನಾ ಹಕ್ಕಿಗಳು ಲಂಟಾನದ ಕಪ್ಪು ಹಣ್ಣು ತಿಂದು ಕೂರುವುದು ಅಲ್ಲಿ. ಹೆಬ್ಬೆರಳುದ್ದದ ಸಸಿಯಲ್ಲಿಯೂ ಆ ಒರಟು ಎಲೆ, ಆ ನಾತ ಇರುತ್ತದೆ. ಈ ಹಂತದಲ್ಲಿ ಪಿಕಾಸಿ ಬೇಕಿಲ್ಲ, ಎರಡು ಬೆರಳು ಸಾಕು.